ಬಚ್ಚಲ ಮೂಲೆಯ ನೀಲಿ ಗುರುತು

ಜುಲೈ ಹನ್ನೆರಡು, ಭಾನುವಾರ. ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷಕ್ಕೆ, ಪತ್ರಿಕೆಗೆಂದು ಇದನ್ನು ಬರೆಯಲು ಕುಳಿತಿದ್ದೇನೆ. ಬೇಕೆಂದೇ ಈ ಹೊತ್ತನ್ನು ಆರಿಸಿಕೊಂಡೆ. ಶೇಷಪ್ಪ ಕಾಕಾ ಇದ್ದಾಗ ಭಾನುವಾರ ಇದೇ ಹೊತ್ತಿಗೆ ನಮ್ಮ ಗೇಟಿನ ಚಿಲಕ ಸದ್ದು ಮಾಡುತ್ತಿತ್ತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ಒಂದು ಗಳಿಗೆ ನಿಂತು, ಮತ್ತೆ ಮೊದಲಿಗಿಂತ ಜೋರಾಗಿ ಬಡಿಯತೊಡಗುತ್ತಿತ್ತು.

ಕಾಕಾರನ್ನು ನೆನೆದರೆ ನನಗೆ ಮೊದಲು ಕಾಣುವುದು ಅವರ ಅಂಗಿಯ ಜೇಬು. ಬಿಳಿಯ ಅರ್ಧ ತೋಳಿನ ಅಂಗಿ, ಇಸ್ತ್ರಿ ಮುರಿಯದ ಕಾಲರು, ಎಡಜೇಬಿನ ತಳದಲ್ಲಿ ಎಷ್ಟು ಒಗೆದರೂ ಹೋಗದ ಒಂದು ನೀಲಿ ಕಲೆ. ಆ ಜೇಬಿನಲ್ಲಿ ಹೆಬ್ಬೆರಳಿನಷ್ಟು ದಪ್ಪದ ನೀಲಿ ಮೇಣದ ಕಡ್ಡಿ ಇರುತ್ತಿತ್ತು. ಬೇರೆಯವರು ಪೆನ್ನು ಇಟ್ಟುಕೊಳ್ಳುವ ಕಡೆ ಅವರು ಅದನ್ನು ಇಟ್ಟುಕೊಳ್ಳುತ್ತಿದ್ದರು. ಅದರಿಂದ ಅವರು ಅಕ್ಷರ ಬರೆದದ್ದನ್ನು ನಾನು ನೋಡಿಲ್ಲ. ಬರೆಯುತ್ತಿದ್ದುದು ಒಂದೇ ಗುರುತು, ಇಂಟು ಮಾರ್ಕು.

ಅವರು ನಮ್ಮಪ್ಪನ ಕಾಕಾ, ಅಜ್ಜನ ಕೊನೆಯ ತಮ್ಮ. ಬಾಗಲಕೋಟೆಯ ಕಡೆಯಿಂದ ಹರೆಯದಲ್ಲಿ ಹೈದರಾಬಾದಿಗೆ ಬಂದು, ಸನತ್‌ನಗರದ ಹತ್ತಿರ ಆಗ ಇದ್ದ ಒಂದು ಪಿಂಗಾಣಿ ಕಾರ್ಖಾನೆಗೆ ಸೇರಿದರು. ಅಲ್ಲಿ ಕಮೋಡು, ಬೇಸಿನ್ನು, ಬಿಳಿ ಟೈಲ್ಸು ತಯಾರಾಗುತ್ತಿದ್ದವು. ಭಟ್ಟಿಯಿಂದ ಹೊರಗೆ ಬಂದ ಪ್ರತಿಯೊಂದು ಮಾಲನ್ನೂ ಉಂಗುರದ ಬೆರಳಿನಿಂದ ಬಡಿದು, ಕಿವಿಗೊಟ್ಟು ಕೇಳಿ, ಸಣ್ಣ ಬಿರುಕಿದ್ದರೂ ನೀಲಿ ಇಂಟು ಹಾಕಿ ಪಕ್ಕಕ್ಕೆ ತಳ್ಳುವುದು ಅವರ ಕೆಲಸ. ಕಾರ್ಖಾನೆ ಮುಚ್ಚಿತು. ಕಾಕಾ ಮುಚ್ಚಲಿಲ್ಲ.

"ಒಮ್ಮೆ ಭಟ್ಟಿಯಿಂದ ಹೊರಗ ಬಂತಂದ್ರ ಮುಗೀತು," ಎನ್ನುತ್ತಿದ್ದರು. "ಆಮ್ಯಾಲೆ ತಿದ್ದಾಕ ಬರಂಗಿಲ್ಲ. ಮನಷ್ಯಾರೂ ಅಷ್ಟ."

ಹೀಗಾಗಿ ಭಾನುವಾರ ನಮ್ಮ ಮನೆಗೆ ಬಂದವರು ಮೊದಲು ಒಂದು ಸುತ್ತು ಹಾಕುತ್ತಿದ್ದರು. ಉಪ್ಪಿನಕಾಯಿ ಭರಣಿಯ ಬಾಯಲ್ಲಿ ಕೂದಲೆಳೆಯಷ್ಟು ಸೀಳಿದ್ದರೆ ಅದರ ಹೊಟ್ಟೆಗೆ ಒಂದು ಇಂಟು. ಅವ್ವನ ಮದುವೆಯಲ್ಲಿ ಬಂದ ಕಪ್ಪುಗಳ ಪೈಕಿ ಕಿವಿ ಸೊಟ್ಟಗಿದ್ದುದಕ್ಕೆ ಒಂದು ಇಂಟು, ಬಾಗಿಲ ಕನ್ನಡಿಗೆ ಒಂದು. ನಮ್ಮ ಚಿಕ್ಕಪ್ಪನ ಮಗಳಿಗೆ ನೋಡಿದ್ದ ಹುಡುಗನ ಫೋಟೋ ಒಮ್ಮೆ ನಮ್ಮ ಮನೆಗೆ ಬಂದಿತ್ತು, ಎಲ್ಲರೂ ನೋಡಿ ಹಿಂದಿರುಗಿಸಬೇಕಾದದ್ದು. ಕಾಕಾ ಅದನ್ನು ಬೆಳಕಿಗೆ ಹಿಡಿದು, "ಎಡಗಿವಿ ಸಣ್ಣದೈತಿ," ಎಂದವರೇ ಹುಡುಗನ ಮುಖದ ಮೇಲೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದರು. ಚಿಕ್ಕಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡು ನಿಂತಳು.

"ಮಾರಿ ಯಾಕ ಸಣ್ಣ ಮಾಡ್ತಾಳ ಅಕಿ? ಒರಸಿದ್ರ ಹೋಗ್ತೈತಿ," ಎಂದರು ಕಾಕಾ ನನ್ನ ಕಡೆ ತಿರುಗಿ.

ಅದು ಅವರ ಸಮರ್ಥನೆ, ಕ್ಷಮೆ, ಹಾಸ್ಯ ಎಲ್ಲವೂ ಆಗಿತ್ತು. ನಿಜಕ್ಕೂ ಒರೆಸಿದರೆ ಹೋಗುತ್ತಿತ್ತು. ಅವರು ಗೇಟು ದಾಟುತ್ತಲೇ ಅವ್ವ ಒದ್ದೆ ಬಟ್ಟೆ ಹಿಡಿದು ಮನೆಯಲ್ಲೆಲ್ಲ ತಿರುಗಿ ಇಂಟುಗಳನ್ನು ಅಳಿಸುತ್ತಿದ್ದಳು. ಭಾನುವಾರದ ಮಧ್ಯಾಹ್ನ ಎಂದರೆ ನನಗೆ ಆ ಒದ್ದೆ ಬಟ್ಟೆಯ ನೆನಪು.

ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕಂತೆ. ಹಾಗಾದರೆ ಅವರ ವಿದ್ಯೆಯ ಬಗ್ಗೆ ಒಂದು ಮಾತು ಬರೆದು ಮುಗಿಸುತ್ತೇನೆ. ನಮ್ಮ ಬೀದಿಯ ಪಾಟೀಲರು ಹೊಸ ಕಮೋಡು ತಂದಾಗ ಕಾಕಾ ಅದನ್ನು ಟಣ್ ಟಣ್ ಎಂದು ಬಡಿದು, ಒಂದು ಕಡೆ ಮಾತ್ರ ಮತ್ತೆ ಮತ್ತೆ ಬಡಿದು, "ಇಲ್ಲೆ ಸತ್ತೈತಿ," ಎಂದು ಇಂಟು ಹಾಕಿದರು. ಅಂಗಡಿಯವನು ಜಗಳಕ್ಕೆ ನಿಂತ. ಕಾಕಾ ಒಂದು ಶಾಯಿ ಬಾಟಲಿ ತರಿಸಿ ಅಲ್ಲಿ ಸುರಿದು ಒರೆಸಿದರು. ಯಾರ ಕಣ್ಣಿಗೂ ಕಾಣದಿದ್ದ ಬಿರುಕು ಕಪ್ಪು ದಾರದಂತೆ ಎದ್ದು ನಿಂತಿತು. ಅಂದಿನಿಂದ ನಮ್ಮ ಕಡೆಯ ಕನ್ನಡದ ಮನೆಗಳಲ್ಲಿ ಅವರನ್ನು ಕರೆಯದೆ ಯಾರೂ ಬಚ್ಚಲು ಕಟ್ಟಿಸಲಿಲ್ಲ. ಪ್ರೀತಿಯಿಂದ ಕರೆಯುತ್ತಿರಲಿಲ್ಲ. ಕರೆಯದಿದ್ದರೆ ಕಟ್ಟಿದ ಮೇಲೆ ಬಂದು ಇಂಟು ಹಾಕುತ್ತಾರೆಂಬ ಹೆದರಿಕೆಗೆ ಕರೆಯುತ್ತಿದ್ದರು.

ನಾನು ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿ ದಿನಾಂಕ ಮತ್ತು ಸಮಯ ಬರೆಯದೆ ಯಾವ ಸೀಸೆಯನ್ನೂ ಮುಟ್ಟುವಂತಿಲ್ಲ. ಆ ಅಭ್ಯಾಸ ನನ್ನ ದಿನಚರಿಗೂ ಹತ್ತಿದೆ. ಕೆಲಸ ಸಿಕ್ಕ ಸುದ್ದಿ ಕೇಳಿ ಕಾಕಾ ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದ್ದರು: "ಈ ಮನ್ಯಾಗ ನೀನೊಬ್ಬಾಕಿ ನನ್ನ ಪೈಕಿ. ನಮಗ ತಪ್ಪು ಕಾಣತಾವ." ಅವರು ನನಗೆ ಅಂದ ಮಾತುಗಳಲ್ಲೆಲ್ಲ ನಾನು ಹೆಚ್ಚು ದ್ವೇಷಿಸಿದ್ದು ಇದನ್ನೇ. ಅಂದೇ ದಿನಚರಿಯಲ್ಲಿ ಅವರ ಹೆಸರಿನ ಒಂದು ಪುಟ ತೆರೆದು ಎರಡು ಕಾಲಂ ಹಾಕಿದೆ. ಎಡಕ್ಕೆ ಅವರು ತಿರಸ್ಕರಿಸಿದ್ದು, ಬಲಕ್ಕೆ ಒಪ್ಪಿದ್ದು. ಎಡಗಡೆಯದು ಪುಟ ದಾಟಿ ಪುಟ ತುಂಬಿತು. ಬಲಗಡೆಯದು ಖಾಲಿ ಉಳಿಯಿತು.

ಇನ್ನು ನಮ್ಮ ಬಚ್ಚಲಿನ ವಿಷಯ.

ಹಳೆಯ ಪೈಪು ಒಡೆದು ಪಕ್ಕದ ಕೋಣೆಯ ಗೋಡೆಗೆಲ್ಲ ತೇವ ಏರಿತ್ತು. ಒಡೆದು ಹೊಸದಾಗಿ ಮಾಡಿಸುವುದೆಂದು ಅಪ್ಪ ನಿಶ್ಚಯಿಸಿದಾಗ ಅವ್ವ, "ಕಲ್ಲು, ಟೈಲ್ಸು, ನಳ ಎಲ್ಲಾ ನಾ ಆರಿಸ್ತೀನಿ," ಎಂದಳು. ಅಪ್ಪ ಆಯಿತೆಂದರು. ಆದರೆ ಎರ್ರಗಡ್ಡದ ಕಡೆಯ ಟೈಲ್ಸ್ ಅಂಗಡಿಗೆ ನಾವು ಹೋದ ದಿನ ಅಂಗಡಿಯ ಮೆಟ್ಟಿಲ ಮೇಲೆ ಕಾಕಾ ಮೊದಲೇ ಬಂದು ನಿಂತಿದ್ದರು. ಹೇಳಿಕಳಿಸಿದ್ದು ಅಪ್ಪನೇ.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಕಾಕಾ ಅವ್ವನಿಗೆ ಮಾವನ ಸ್ಥಾನ. ಮಾವನ ಸ್ಥಾನದವರೊಂದಿಗೆ ಸೊಸೆ ನೇರವಾಗಿ ಮಾತಾಡುವುದಿಲ್ಲ. ಎದುರಿಗೇ ನಿಂತಿದ್ದರೂ ನಡುವೆ ಒಬ್ಬರು ಬೇಕು. ಮಾತು ಬಂದಾಗಿನಿಂದ ಆ ಒಬ್ಬಳು ನಾನೇ.

ಅಂಗಡಿಯವನು ಕನ್ನಡಿಯಂತೆ ಹೊಳೆಯುವ ಬಿಳಿ ಟೈಲ್ಸ್ ತಂದಿಟ್ಟ. ಕಾಕಾ ಅದನ್ನು ಬಡಿದು ಕೇಳಿದರು. ಒಪ್ಪಿಗೆಯಾಯಿತೆಂದು ಹೇಳಲಿಲ್ಲ. ಇಂಟು ಹಾಕಲಿಲ್ಲ, ಅಷ್ಟೇ.

"ನಿಮ್ಮವ್ವಗ ಹೇಳು, ನೆಲಕ್ಕೂ ಗ್ವಾಡಿಗೂ ಇದನ್ನ ಹಾಕಸಾಕ. ಒಂದು ಕೂದಲ ಬಿದ್ರೂ ಕಾಣತೈತಿ."

ಅವ್ವ ನನ್ನತ್ತ ತಿರುಗಿದಳು. "ಅವರಿಗಿ ಹೇಳು, ಕೂದಲ ನೋಡ್ಲಿಕ್ಕಿ ಬಚ್ಚಲಕ್ಕ ಹೋಗಂಗಿಲ್ಲ ನಾ."

"ಹೊಲಸ ಕಾಣಬಾರದಂದ್ರ ಮಣ್ಣಿನ ನೆಲ ಮಾಡ್ಸು ಅನ್ನು."

"ಸಾಬಾಣದ ನೀರಿನ ಮ್ಯಾಲ ಜಾರಿ ಬಿದ್ರ ಎತ್ತೋರು ಯಾರ್ ಅಂತ ಕೇಳು."

"ಕಣ್ಣು ತಗದು ನಡಿಯೋರು ಬೀಳಂಗಿಲ್ಲ ಅಂತ ಹೇಳು."

"ಬಟ್ಟಿ ಒಗಿಲಿಕ್ಕಿ ಅವರು ಕೂಡಂಗಿಲ್ಲ, ನಾ ಕೂಡ್ತೀನಿ ಅಂತ ಹೇಳು."

ನಾನು ಬಾಯಿ ತೆರೆಯುವ ಅಗತ್ಯವೇ ಇರಲಿಲ್ಲ. ಅಂಗಡಿಯವನ ಕಣ್ಣು ಅವರಿಂದ ಇವರಿಗೆ, ಇವರಿಂದ ನನಗೆ ಓಡಾಡಿ ಸುಸ್ತಾಯಿತು. ಕೊನೆಗೆ, "ಫೈನಲ್ ಕೌನ್ ಕರ್ತೇ ಆಪ್ ಲೋಗಾಂ ಮೇ?" ಎಂದು ಕೇಳಿದ. ಕೊನೆಯ ಮಾತು ಯಾರದೆಂಬ ಪ್ರಶ್ನೆ ಅದು. ಅಪ್ಪ ಗೋಡೆಗೆ ತೂಗುಹಾಕಿದ್ದ, ನೀರೇ ಇಲ್ಲದ ನಳವೊಂದನ್ನು ತಿರುವಿ ತೆರೆಯುತ್ತ ಮುಚ್ಚುತ್ತ ನಿಂತಿದ್ದರು.

ಅವ್ವ ಅಂಗಡಿಯ ಹಿಂದಿನ ಅಂಗಳಕ್ಕೆ ನಡೆದಳು. ಅಲ್ಲಿ ತಾಂಡೂರಿನ ಹಾಸುಗಲ್ಲುಗಳನ್ನು ಗೋಡೆಗೆ ಒರಗಿಸಿಟ್ಟಿದ್ದರು. ಒಂದೆರಡು ನೆಲದ ಮೇಲೂ ಇದ್ದವು. ಹೊಳಪಿಲ್ಲದ, ಕೈಯಿಂದ ತಿಕ್ಕಿ ನಯ ಮಾಡಿದ, ಮೋಡದ ಬಣ್ಣದ ಕಲ್ಲು. ಅವ್ವ ಚಪ್ಪಲಿ ಬಿಟ್ಟಳು. ಬಾಟಲಿಯ ನೀರನ್ನು ಕಲ್ಲಿನ ಮೇಲೆ ಸುರಿದು, ಅದರ ಮೇಲೆ ನಿಂತು, ಪಾದವನ್ನು ಹಿಂದೆ ಮುಂದೆ ಉಜ್ಜಿದಳು. ಪಾದ ಜಾರಲಿಲ್ಲ. ಅವ್ವನ ತವರು ಸೇಡಂ. ಅಲ್ಲಿ ನೆಲ, ಕಟ್ಟೆ, ಮಾಳಿಗೆ, ದನದ ಗೋದಲಿ ಎಲ್ಲವೂ ಇಂಥದೇ ಕಲ್ಲು.

"ಇದು," ಎಂದಳು. ಯಾರಿಗೆಂದು ಹೇಳಲಿಲ್ಲ.

ಕಾಕಾ ಬಾಗಿಲಲ್ಲಿ ನಿಂತು ನಕ್ಕರು. "ಹಾಸಗಲ್ಲು! ಸೇಡಂದಾಗ ಎಮ್ಮಿ ಕಟ್ಟೋ ಜಾಗಕ್ಕ ಹಾಕ್ತಾರ ಇದನ್ನ. ನಾ ಇಡೀ ಹರೇ ಪಿಂಗಾಣ್ಯಾಗ ಕಳದೀನಿ. ನಮ್ಮ ಮನಿ ಸ್ವಸಿ ಎಮ್ಮಿ ಹಂಗ ಕಲ್ಲಿನ ಮ್ಯಾಲ ನಿಂತು ಜಳಕಾ ಮಾಡಾಕಿ!"

ಅಂಗಡಿಯವನಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ನೆಲ ನೋಡತೊಡಗಿದ.

ಆಟೋದಲ್ಲಿ ಹಿಂದಿರುಗುವಾಗ ಅಪ್ಪ ಮೆಲ್ಲಗೆ, "ಬಿಳೀದನ್ನ ಹಾಕಸಿದ್ರ ಏನ ಗಂಟು ಹೋಗ್ತಿತ್ತು?" ಎಂದರು.

ಅವ್ವ ರಸ್ತೆ ನೋಡುತ್ತಲೇ ಹೇಳಿದಳು: "ಈ ಮನಿಗಿ ನಾ ಬಂದಾಗ ಪರದಿ ನಿಮ್ಮವ್ವ ಆರಿಸಿದ್ರು. ಪಾತ್ರಿ ನಿಮ್ಮಕ್ಕ. ಗ್ವಾಡಿ ಬಣ್ಣ ನಿಮ್ಮ ಕಾಕಾ. ಬಾಗಲಾ ಹಾಕ್ಕೊಂಡು ನಾ ಒಬ್ಬಾಕೀನೇ ಇರೋ ಜಾಗ ಅದೊಂದೇ ಅದ. ಅದರಾಗ ನನ್ನ ಕಾಲ ಕೆಳಗ ಏನಿರಬೇಕಂತ ನಾ ಹೇಳಬಾರದೇನು?"

ಮರುದಿನ ಅಪ್ಪ ಒಬ್ಬರೇ ಹೋಗಿ ಕಲ್ಲಿಗೆ ಹೇಳಿಬಂದರು. ಅದರ ಜೊತೆಗೆ ಅವ್ವ ಆರಿಸಿದ್ದ, ಗೋಡೆಗೆ ಭುಜದೆತ್ತರದವರೆಗೆ ಹಾಕುವ ಹೊಳಪಿಲ್ಲದ ಕೆನೆಬಣ್ಣದ ಟೈಲ್ಸಿಗೆ, ಬಕೆಟ್ಟಿನ ಮಟ್ಟಕ್ಕೆ ಕೂಡಿಸುವ ಹಿತ್ತಾಳೆ ನಳಕ್ಕೆ ಸಹ. ಕಾಕಾರ ಮಾತಿಗೆ ವಿರುದ್ಧವಾಗಿ ಅಪ್ಪ ಮಾಡಿದ್ದು ಅಂತ ನನಗೆ ಗೊತ್ತಿರುವುದು ಇದೊಂದೇ. ಅದನ್ನೂ ಎದುರಿಗೆ ಮಾಡಲಿಲ್ಲ.

ಕಲ್ಲು ಬಂದು ಅಂಗಳದ ಕಾಂಪೌಂಡಿಗೆ ಒರಗಿ ನಿಂತದ್ದು ಒಂದು ಶನಿವಾರ. ಅವ್ವ ಸಂಜೆ ಅವುಗಳಿಗೆ ನೀರು ಹಾಕಿ ಧೂಳು ತೊಳೆದಳು. ಒದ್ದೆಯಾದಾಗ ಬಣ್ಣ ಗಾಢವಾಗಿ, ಒಣಗುತ್ತ ತಿಳಿಯಾಗುವುದನ್ನು ಮೆಟ್ಟಿಲ ಮೇಲೆ ಕೂತು ನೋಡಿದಳು. ಅವ್ವ ಕೈಕಟ್ಟಿ ಕೂತದ್ದನ್ನು ನಾನು ಕಂಡದ್ದು ಅಪರೂಪ.

ಭಾನುವಾರ ಬೆಳಿಗ್ಗೆ ನಾನೂ ಅವ್ವನೂ ಕಾಯಿಪಲ್ಲೆ ತರಲು ಹೋಗಿದ್ದೆವು. ಹಿಂದಿರುಗಿ ಗೇಟು ತೆರೆದಾಗ ಅಂಗಳದಲ್ಲಿ ಕಾಕಾ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಪಕ್ಕದ ಸ್ಟೂಲಿನ ಮೇಲೆ ಚಹಾ. ಅಪ್ಪ ಬಾಗಿಲಲ್ಲಿ ಪೇಪರು ಹಿಡಿದು ನಿಂತಿದ್ದರು, ಓದುತ್ತಿರಲಿಲ್ಲ. ಎಲ್ಲ ಕಲ್ಲುಗಳ ಮೇಲೂ, ಒಂದನ್ನೂ ಬಿಡದೆ, ನಟ್ಟನಡುವೆ ಗೇಣುದ್ದದ ನೀಲಿ ಇಂಟು.

ಕಾಕಾ ಬೆರಳು ಕೊಡವುತ್ತ ನನಗೆ ಹೇಳಿದರು: "ಎಲ್ಲಾ ನೋಡೀನಿ. ಒಂದರ ಬಣ್ಣ ಇನ್ನೊಂದಕ್ಕ ಇಲ್ಲ. ಅಂಚು ಕೂಡಂಗಿಲ್ಲ. ಬಡದ್ರ ದನೀನ ಇಲ್ಲ. ಒಂದೂ ಪಾಸಿಲ್ಲ. ನಿಮ್ಮವ್ವಗ ಹೇಳು, ಗಾಡಿ ಕರಸಿ ವಾಪಸ್ ಕಳಸಾಕ."

ಅವ್ವ ಚೀಲ ಕೆಳಗಿಟ್ಟಳು. ಹತ್ತಿರದ ಕಲ್ಲಿನ ಮುಂದೆ ಕೂತು ಸೆರಗಿನಿಂದ ಒರೆಸಿದಳು. ಪ್ರತಿ ಭಾನುವಾರದ ಅದೇ ಕೈಚಳಕ. ನೀಲಿ ಅಳಿಸಲಿಲ್ಲ, ಹರಡಿತು. ಇನ್ನೊಮ್ಮೆ ಒರೆಸಿದಳು. ಇನ್ನಷ್ಟು ಹರಡಿತು.

ಆ ಹೊತ್ತಿಗೆ ಮೇಸ್ತ್ರಿ ಯಾದಗಿರಿ ಅಳತೆ ನೋಡಿಕೊಂಡು ಹೋಗಲು ಬಂದಿದ್ದ. ಹೆಬ್ಬೆರಳಿಗೆ ಎಂಜಲು ಹಚ್ಚಿ ಉಜ್ಜಿ ನೋಡಿ, "ಪೋದಮ್ಮಾ. ರಾಯಿ ತಾಗೇಸಿಂದಿ," ಎಂದ. ಹೋಗುವುದಿಲ್ಲ, ಕಲ್ಲು ಕುಡಿದುಬಿಟ್ಟಿದೆ ಎಂದು ಅವನ ತೆಲುಗಿನ ಮಾತು.

"ಏ, ಒರಸಿದ್ರ ಹೋಗ್ತೈತಿ," ಎಂದರು ಕಾಕಾ.

ಯಾರೂ ಅಲುಗಾಡದ್ದನ್ನು ನೋಡಿ ತಾವೇ ಎದ್ದುಬಂದರು. ಕರವಸ್ತ್ರ ತೆಗೆದು ಉಜ್ಜಿದರು. ಸೋಪಿನ ನೀರು ಕೇಳಿದರು, ಕೊಟ್ಟೆ. ಅಪ್ಪ ಸ್ಕೂಟರಿನ ಡಬ್ಬಿಯಿಂದ ಒಂದಿಷ್ಟು ಪೆಟ್ರೋಲು ತಂದರು. ಪೆಟ್ರೋಲು ಬಿದ್ದ ಮೇಲೆ ಮೇಣ ಕರಗಿ, ನೀಲಿ ಬಣ್ಣ ಕಲ್ಲಿನ ಇನ್ನೂ ಒಳಕ್ಕೆ ಇಳಿಯಿತು. ಆಗ ನನಗೆ ತಿಳಿಯಿತು: ಈ ಮನುಷ್ಯನ ಕಡ್ಡಿ ಇಷ್ಟು ವರ್ಷ ಮುಟ್ಟಿದ್ದೆಲ್ಲ ಹೊಳಪಿನ ಮೇಲ್ಮೈಯೇ. ಪಿಂಗಾಣಿ, ಗಾಜು, ಫೋಟೋ. ಯಾವುದೂ ಏನನ್ನೂ ಒಳಗೆ ತೆಗೆದುಕೊಳ್ಳುವಂಥದಲ್ಲ. ಜಗತ್ತಿನಲ್ಲಿ ಕುಡಿಯುವ ವಸ್ತುಗಳೂ ಇವೆ ಎಂಬುದು ಅವರ ಲೆಕ್ಕದಲ್ಲೇ ಇರಲಿಲ್ಲ. ಮೊಣಕಾಲೂರಿ, ಬಿಳಿ ಅಂಗಿಯ ತೋಳಿಗೆಲ್ಲ ನೀಲಿ ಬಳಿದುಕೊಂಡು, ಉಜ್ಜುತ್ತಲೇ ಇದ್ದರು. ನನಗೆ ಅಯ್ಯೋ ಎನಿಸಲಿಲ್ಲ. ಅದನ್ನೂ ದಿನಚರಿಯಲ್ಲಿ ಬರೆದಿಟ್ಟಿದ್ದೇನೆ.

"ಮಾವಾರ."

ಅವ್ವನ ದನಿ. ಕಾಕಾರ ಕೈ ನಿಂತಿತು. ಅಪ್ಪ ತಲೆ ಎತ್ತಿದರು. ಮದುವೆಯಾಗಿ ಬಂದಾಗಿನಿಂದ ಅವ್ವ ಅವರನ್ನು ನೇರವಾಗಿ ಕರೆದದ್ದು ಅದೇ ಮೊದಲು.

"ಅದು ಕಲ್ಲು ಅದ. ನಿಮ್ಮ ಪಿಂಗಾಣಿ ಅಲ್ಲ. ಏಳ್ರಿ. ನಿಮ್ಮ ಕೈಲೆ ಹೋಗಂಗಿಲ್ಲ ಅದು."

ಕಾಕಾ ಎದ್ದರು. ಅವ್ವನತ್ತ ನೋಡಲಿಲ್ಲ. ನನ್ನತ್ತ ತಿರುಗಿ "ನಿಮ್ಮವ್ವಗ ಹೇಳು" ಎಂದು ಶುರು ಮಾಡಿದರು. ಅಷ್ಟಕ್ಕೇ ಕರವಸ್ತ್ರವನ್ನು ಜೇಬಿಗೆ ತುರುಕಿದರು. ಚಹಾ ಹಾಗೇ ಬಿಟ್ಟು ಗೇಟು ತೆರೆದುಕೊಂಡು ಹೋದರು. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಅಂದೂ ಬರಲಿಲ್ಲ, ಮುಂದೆಯೂ ಬರಲಿಲ್ಲ.

ಯಾದಗಿರಿ ಕಲ್ಲುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದ. ಬೆನ್ನು ಒರಟಾಗಿತ್ತು. ಮಷೀನು ತಂದು ತಿಕ್ಕಿದರೆ ಹಿಂದಿನ ಮಗ್ಗುಲೂ ಮುಂದಿನಂತೆಯೇ ಆಗುತ್ತದೆ, ಇಂಟು ಇರುವ ಮುಖವನ್ನು ಕೆಳಗೆ ಮಾಡಿ ಹಾಸುತ್ತೇನೆ ಎಂದ. ಕೆಲಸ ತಡವಾಯಿತು. ಅಷ್ಟು ದಿನವೂ ನಾವು ಪಾಟೀಲರ ಮನೆಯ ಬಚ್ಚಲಲ್ಲಿ, ಕಾಕಾ ಹೇಳಿ ಹಾಕಿಸಿದ ಕನ್ನಡಿಯಂಥ ಬಿಳಿ ನೆಲದ ಮೇಲೆ, ಗೋಡೆ ಹಿಡಿದುಕೊಂಡು ಸ್ನಾನ ಮಾಡಿದೆವು.

ಕೊನೆಯ ಕಲ್ಲು ಉಳಿದಾಗ ಅವ್ವ ಮೇಸ್ತ್ರಿಯನ್ನು ತಡೆದಳು. ನಳದ ಕೆಳಗಿನ ಮೂಲೆಯ ಕಲ್ಲು ಅದು. ಅದನ್ನು ತಿರುಗಿಸಬೇಡ, ಇಂಟು ಮೇಲೆಯೇ ಇರಲಿ ಎಂದಳು. ಯಾದಗಿರಿ ಎರಡು ಸಲ ಕೇಳಿ ಖಚಿತ ಮಾಡಿಕೊಂಡ. ಅಪ್ಪ, "ಯಾಕ, ಹಟಾ?" ಎಂದರು.

"ಅವರು ಎಲ್ಲಾರ ತಪ್ಪಿಗೂ ಗುರುತು ಹಾಕ್ಯಾರ. ಎಲ್ಲಾ ನಾವೇ ಒರಸೀವಿ," ಎಂದಳು ಅವ್ವ. "ಅವರ ತಪ್ಪಿಂದೂ ಒಂದು ಗುರುತು ಇರ್ಲಿ. ಇದನ್ನ ಯಾರೂ ಒರಸೂದು ಬ್ಯಾಡ."

ಆ ಮೇಲೆ ಭಾನುವಾರಗಳು ಬಂದವು, ಚಿಲಕ ಸದ್ದಾಗಲಿಲ್ಲ. ಕಾಕಾ ಮತ್ತೆ ಬಂದದ್ದು ಒಂದೇ ಸಲ, ಸೊಲ್ಲಾಪುರದ ಮಗಳ ಮನೆಗೆ ಹೋಗಿ ನೆಲೆಸುವ ಮುಂಚೆ, ಹೇಳಿ ಹೋಗಲು. ಬಡವಾಗಿದ್ದರು. ಬಾಗಿಲಲ್ಲೇ ನಿಂತು, ಕಾಲು ತೊಳೆಯಬೇಕು ಎಂದು ನನಗೆ ಹೇಳಿದರು. ಅಂಗಳದಲ್ಲೂ ನಳವಿತ್ತು. ನಾನು ಅವ್ವನ ಮುಖ ನೋಡಿದೆ. ಅವ್ವ ಬಚ್ಚಲಿನ ದೀಪ ಹಾಕಿ ಅಡುಗೆಮನೆಗೆ ಹೋದಳು.

ಅವರು ಒಳಗೆ ಬಹಳ ಹೊತ್ತು ಇದ್ದರು. ನಳ ಬಿಟ್ಟ ಸದ್ದು ಬಂತು, ನಿಲ್ಲಿಸಿದ ಸದ್ದು ಬಂತು. ಮತ್ತೆ ಬಿಟ್ಟ ಸದ್ದು. ಉಂಗುರದಿಂದ ಬಡಿದ ಸದ್ದಿಗೆ ನಾನು ಕಾದೆ. ಅದು ಬರಲಿಲ್ಲ. ಹೊರಗೆ ಬಂದಾಗ ಪ್ಯಾಂಟು ಮೊಣಕಾಲಿನವರೆಗೆ ಮಡಚಿತ್ತು, ಪಾದ ಒದ್ದೆಯಾಗಿತ್ತು. ಮೂಲೆಯ ಕಲ್ಲನ್ನು ನೋಡಿದರೋ ಇಲ್ಲವೋ ಮುಖದಿಂದ ತಿಳಿಯುವಂತಿರಲಿಲ್ಲ. ಕೈ ಎಡಜೇಬಿಗೆ ಹೋಯಿತು. ಹಾಗೇ ಬರಿಗೈ ಹೊರಗೆ ಬಂತು.

"ಕಲ್ಲಿನ ಮ್ಯಾಲ ನೀರು ನಿಂದ್ರಂಗಿಲ್ಲ," ಎಂದರು ನನಗೆ. "ಹೇಳು ನಿಮ್ಮವ್ವಗ."

ಅಡುಗೆಮನೆಯ ಒಳಗಿನಿಂದ ಅವ್ವನ ದನಿ ಬಂತು. "ಕೇಳಿಸ್ಯಾದ ಅನ್ನು."

ಅದೇ ಕೊನೆ. ಅವರು ತೀರಿಕೊಂಡ ಸುದ್ದಿ ಈ ತಿಂಗಳ ಮೊದಲ ವಾರ ಸೊಲ್ಲಾಪುರದಿಂದ ಬಂತು. ಅಪ್ಪ ಹೋಗಿಬಂದರು. ಅವ್ವ ತಲೆ ಮೇಲೆ ನೀರು ಹಾಕಿಕೊಂಡಳು, ಆ ಮೂಲೆಯ ನಳದ ಕೆಳಗೇ ಕೂತು.

ನನ್ನ ದಿನಚರಿಯ ಆ ಪುಟವನ್ನು ಮುಚ್ಚಲು ಹೋಗಿ ಸಿಕ್ಕಿಹಾಕಿಕೊಂಡಿದ್ದೇನೆ. "ನೀರು ನಿಂದ್ರಂಗಿಲ್ಲ" ಎಂಬುದನ್ನು ಯಾವ ಕಾಲಂಗೆ ಬರೆಯಬೇಕೆಂದು ತಿಳಿಯುತ್ತಿಲ್ಲ. ಮಾವನ ಕಡೆಯಿಂದ ಸೊಸೆಗೆ ಬಂದ ಒಪ್ಪಿಗೆಯೇ ಅದು? ಅಥವಾ ಬೇರೇನೂ ತಪ್ಪು ಸಿಗದೆ ಆಡಿದ ಮಾತೇ? ಯೋಚಿಸುತ್ತಿದ್ದಂತೆ ಇನ್ನೊಂದು ಸಂಗತಿ ಹೊಳೆಯಿತು. ಕಾರ್ಖಾನೆಯಲ್ಲಿ ಕೆಟ್ಟ ಮಾಲಿಗೆ ಅವರು ಏನು ಮಾಡುತ್ತಿದ್ದರೆಂದು ನಮಗೆಲ್ಲ ಗೊತ್ತು. ಒಳ್ಳೆಯ ಮಾಲಿಗೆ ಏನು ಮಾಡುತ್ತಿದ್ದರೆಂದು ಅವರನ್ನು ಯಾರೂ ಕೇಳಲಿಲ್ಲ.

ಸನತ್‌ನಗರದ ಆ ಪಿಂಗಾಣಿ ಕಾರ್ಖಾನೆಯಲ್ಲಿ ಅವರೊಂದಿಗೆ ದುಡಿದವರು ಇದನ್ನು ಓದಿದರೆ, ದಯವಿಟ್ಟು ಈ ಪತ್ರಿಕೆಯ ಮೂಲಕ ನನಗೆ ಬರೆಯಿರಿ. ಬಿಳಿ ಅಂಗಿ, ಜೇಬಿನಲ್ಲಿ ನೀಲಿ ಕಡ್ಡಿ, ಉಂಗುರದಿಂದ ಬಡಿಯುವ ಮನುಷ್ಯ. ಒಮ್ಮೆ ನೋಡಿದವರು ಮರೆತಿರಲಾರರು. ಒಪ್ಪಿಗೆಯಾದ ಮಾಲಿನ ಮೇಲೆ ಅವರು ಯಾವುದಾದರೂ ಗುರುತು ಹಾಕುತ್ತಿದ್ದರೇ? ಒಂದು ಮಾತು ಆಡುತ್ತಿದ್ದರೇ? ಇಲ್ಲವೇ ಸುಮ್ಮನೆ ಜೇಬಿಗೆ ಹೋದ ಕೈ ಬರಿದಾಗಿ ಹೊರಗೆ ಬರುತ್ತಿತ್ತೇ?

ಇಷ್ಟು ಬರೆದು ಅವ್ವನಿಗೆ ಓದಿ ತೋರಿಸಿದೆ. ಪೂರ್ತಿ ಕೇಳಿ, ಹಿಟ್ಟಿನ ಕೈ ಕೊಡವಿ, ಹೇಳಿದಳು: "ಯಾರಾರ ಬರದ್ರ ನೀ ಓದ್ಕೋ. ನನಗ ಹೇಳಬ್ಯಾಡ."